ಸರ್ಪಸುತ್ತಿಗೆ ಹಳ್ಳಿ ಮದ್ದು ಸಾಕಾ? ಉಡುಪಿ ಮಂಗಳೂರಿನವರು ಹೇಳಿ

ಕಾಪು_ಕಡಲು
ನಮಸ್ಕಾರ ಎಲ್ರಿಗೂ. ಅತ್ತೆಗೆ 64 ವರ್ಷ, ಶುಗರ್ ಉಂಟು. ಮೊನ್ನೆಯಿಂದ ಹಣೆಯ ಎಡಬದಿ ಉರಿ, ಸೂಜಿ ಚುಚ್ಚಿದ ಹಾಗೆ ಆಗ್ತದೆ ಅಂತಿದ್ರು, ಇವತ್ತು ಬೆಳಿಗ್ಗೆ ನೋಡುವಾಗ ಹುಬ್ಬಿನ ಮೇಲೆ ನೀರುಗುಳ್ಳೆ ಗೊಂಚಲು ಗೊಂಚಲಾಗಿ ಎದ್ದಿದೆ, ಮೂಗಿನ ತುದಿಯಲ್ಲೂ ಒಂದೆರಡು. ಪಕ್ಕದ ಮನೆಯವರು ಇದು ಸರ್ಪಸುತ್ತು, ಇಂಗ್ಲಿಷ್ ಮದ್ದು ಮಾಡಿದ್ರೆ ಒಳಗೆ ಇಳೀತದೆ, ಹಳ್ಳಿ ಕಡೆ ಒಬ್ರು ಗರಿಕೆ ಅರೆದು ಹಚ್ಚಿ ಮಂತ್ರಿಸಿ ಕೊಡ್ತಾರೆ, ಮೂರು ದಿನ ಹೋದ್ರೆ ಸಾಕು ಅಂತಾರೆ. ಎರಡು ತುದಿ ಕೂಡಿದ್ರೆ ಜೀವಕ್ಕೇ ಅಪಾಯ ಅಂತ ಬೇರೆ ಹೆದರಿಸಿದ್ದಾರೆ, ನಾಗನಿಗೆ ಆಶ್ಲೇಷಾ ಬಲಿಯೂ ಹೇಳ್ಕೊಳ್ಳಿ ಅಂದಿದ್ದಾರೆ. ಮೊದ್ಲು ಎಲ್ಲಿಗೆ ಹೋಗುದು?

ಕದ್ರಿ_ಸಿಸ್ಟರ್
ಅಕ್ಕಾ, ಇವತ್ತೇ ಕಣ್ಣಿನ ಡಾಕ್ಟ್ರಿಗೆ ತೋರಿಸಿ. ನಾಳೆ ಅಲ್ಲ, ಇವತ್ತು. ಹುಬ್ಬು ಮತ್ತು ಮೂಗಿನ ತುದಿ ಅಂತ ಬರೆದಿದ್ದೀರಲ್ಲ, ಆ ಎರಡು ಜಾಗಕ್ಕೂ ಕಣ್ಣಿಗೂ ಹೋಗುವ ನರ ಒಂದೇ, ಮೂಗಿನ ತುದಿಗೆ ಗುಳ್ಳೆ ಬಂದಿದೆ ಅಂದ್ರೆ ಕಣ್ಣಿನ ಒಳಗೂ ಬರುವ ಸಾಧ್ಯತೆ ಜಾಸ್ತಿ. ಕಣ್ಣು ಕೆಂಪಾಗಿಲ್ಲ, ದೃಷ್ಟಿ ಸರಿ ಉಂಟು ಅಂತ ಕಾಯ್ಬೇಡಿ. ಗುಳ್ಳೆ ಎದ್ದ 72 ಗಂಟೆಯ ಒಳಗೆ ವೈರಸ್ ಮದ್ದು ಶುರು ಮಾಡಿದ್ರೆ ಒಳ್ಳೇದು. ಶುಗರ್ ಉಂಟು, ಕಿಡ್ನಿ ಹೇಗುಂಟು ಅಂತ ಡಾಕ್ಟ್ರಿಗೆ ಹೇಳಿ, ಡೋಸ್ ಅದನ್ನು ನೋಡಿಯೇ ಕೊಡುದು. ಮನೆಯಲ್ಲಿ ಬಸುರಿ ಇದ್ರೆ, ಚಿಕನ್‌ಪಾಕ್ಸ್ ಬಾರದ ಮಕ್ಕಳಿದ್ರೆ, ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಸ್ವಲ್ಪ ದೂರ ಇಡಿ.

ಕಾರ್ಕಳ_ಬಂಡೆ
ಸಿಸ್ಟರ್ ಹೇಳಿದ್ದು ಸರಿ ಇರಬಹುದು, ಆದ್ರೆ ನಮ್ಮ ಚಿಕ್ಕಪ್ಪ ಇದೇ ಮದ್ದು ಕೊಡುವವರು, ಅವರ ಅಪ್ಪನ ಕಾಲದಿಂದ ಬಂದದ್ದು. ಅಂಗಳದಲ್ಲಿ ಬೆಳಿಗ್ಗೆ ಹೊತ್ತು ಜನ ನಿಂತಿರ್ತಾರೆ, ವೀಳ್ಯದೆಲೆ ಅಡಿಕೆ ಬಿಟ್ಟು ಒಂದು ರುಪಾಯಿ ಮುಟ್ಟುದಿಲ್ಲ. ನಾನು ಚಿಕ್ಕಂದಿನಿಂದ ಕಣ್ಣಾರೆ ನೋಡಿದ್ದೇನೆ, ಬಂದವರು ಗುಣ ಆಗಿ ತೆಂಗಿನಕಾಯಿ ತಂದು ಕೊಟ್ಟು ಹೋಗ್ತಾರೆ. ಇದೆಲ್ಲ ಸುಳ್ಳಾ? ಇಷ್ಟು ಜನಕ್ಕೆ ಗುಣ ಆದದ್ದು ಹೇಗೆ ಅಂತ ಯಾರಾದ್ರೂ ಹೇಳಿ.

ಮಣ್ಣಗುಡ್ಡ_ಫಾರ್ಮಸಿ
ನಿಮ್ಮ ಚಿಕ್ಕಪ್ಪ ಸುಳ್ಳು ಹೇಳ್ತಾರೆ ಅಂತ ನಾನು ಖಂಡಿತ ಹೇಳುದಿಲ್ಲ. ಬಂದವರಿಗೆ ಗುಣ ಆದದ್ದೂ ನಿಜವೇ. ಕೇಳಬೇಕಾದ ಪ್ರಶ್ನೆ ಬೇರೆ: ಅವರ ಹತ್ರ ಹೋಗದಿದ್ರೆ ಎಂತ ಆಗ್ತಿತ್ತು?

ಸರ್ಪಸುತ್ತು ಅಂದ್ರೆ ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್‌ನದ್ದೇ ವೈರಸ್. ಅದು ದೇಹ ಬಿಟ್ಟು ಹೋಗುದಿಲ್ಲ, ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರ್ತದೆ, ಪ್ರಾಯ ಆದಾಗ, ಶುಗರ್ ಹೆಚ್ಚಾದಾಗ, ಕ್ಯಾನ್ಸರ್ ಮದ್ದು, ಸ್ಟೀರಾಯ್ಡ್ ತಗೊಳ್ಳುವಾಗ ಮತ್ತೆ ಏಳ್ತದೆ. ಎದ್ದದ್ದು ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರ್ತದೆ, ಹಾಗಾಗಿ ಪಟ್ಟಿಯ ಹಾಗೆ ಕಾಣುದು, ಹಾಗಾಗಿಯೇ ದೇಹದ ಒಂದೇ ಬದಿಯಲ್ಲಿ ಇರುದು. ನಡು ಗೆರೆ ದಾಟಿ ಸುತ್ತು ಹಾಕಿ ಎರಡು ತುದಿ ಕೂಡುದು ಸಾಧಾರಣವಾಗಿ ಇಲ್ಲವೇ ಇಲ್ಲ, ಯಾಕಂದ್ರೆ ಎಡದ ನರ ಬಲಕ್ಕೆ ಹೋಗುದಿಲ್ಲ. ಹಾಗೊಂದು ವೇಳೆ ಮೈಯೆಲ್ಲ ಹರಡಿದ್ರೆ ಆ ಮನುಷ್ಯನ ರೋಗ ನಿರೋಧಕ ಶಕ್ತಿ ತುಂಬ ಇಳಿದಿದೆ ಅಂತ ಅರ್ಥ, ಅಂಥವರನ್ನು ಅಡ್ಮಿಟ್ ಮಾಡ್ಬೇಕು.

ಇನ್ನು ಗುಣ ಆಗುವ ವಿಷಯ. ಎಂತ ಮಾಡದೆ ಬಿಟ್ರೂ ಗುಳ್ಳೆ ಎರಡರಿಂದ ನಾಲ್ಕು ವಾರದಲ್ಲಿ ಒಣಗ್ತದೆ. ಗರಿಕೆ ಹಚ್ಚಿದ್ರೂ ಒಣಗ್ತದೆ, ಕೆಮ್ಮಣ್ಣು ಹಚ್ಚಿದ್ರೂ ಒಣಗ್ತದೆ. ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಗುದು ಅಂತ ನಂಬಿದ ಅಜ್ಜಿಯ ಕಥೆ ಕೇಳಿದ್ದೀರಲ್ಲ, ಇಲ್ಲಿ ನಡೆಯುದು ಅದೇ, ಅಜ್ಜಿ ಮೋಸ ಮಾಡ್ಲಿಲ್ಲ, ಕೋಳಿ ಕೂಗಿದ್ದೂ ಹೌದು, ಬೆಳಗಾದದ್ದೂ ಹೌದು.

ಕಾರ್ಕಳ_ಬಂಡೆ
ಹಾಗಾದ್ರೆ ನಿಮ್ಮ ಮಾತ್ರೆಗೂ ಅದೇ ಮಾತು ಹೇಳ್ಬಹುದಲ್ಲ. ಮಾತ್ರೆ ತಿಂದ್ರೂ ಎರಡು ವಾರ, ತಿನ್ನದಿದ್ರೂ ಎರಡು ವಾರ.

ಮಣ್ಣಗುಡ್ಡ_ಫಾರ್ಮಸಿ
ಹೇಳ್ಬಹುದು, ಹೇಳ್ಲೇಬೇಕು. ಅದಕ್ಕೇ ಆ ಮಾತ್ರೆಯನ್ನು ಒಂದಷ್ಟು ಜನಕ್ಕೆ ಕೊಟ್ಟು, ಇನ್ನೊಂದಷ್ಟು ಜನಕ್ಕೆ ನೋಡ್ಲಿಕ್ಕೆ ಅದರ ಹಾಗೇ ಇರುವ ಬರೀ ಹಿಟ್ಟಿನ ಮಾತ್ರೆ ಕೊಟ್ಟು, ಯಾರಿಗೆ ಯಾವುದು ಅಂತ ರೋಗಿಗೂ ಡಾಕ್ಟ್ರಿಗೂ ಗೊತ್ತಿಲ್ಲದ ಹಾಗೆ ಪರೀಕ್ಷೆ ಮಾಡಿದ್ದು. ಅಸೈಕ್ಲೋವಿರ್, ವಾಲಸೈಕ್ಲೋವಿರ್ ಅನ್ನುವ ಈ ವೈರಸ್ ಮಾತ್ರೆ ಬೇಗ ಶುರು ಮಾಡಿದವರಲ್ಲಿ ಗುಳ್ಳೆ ಬೇಗ ಒಣಗ್ತದೆ, ಆ ಹೊತ್ತಿನ ನೋವು ಕಡಿಮೆ ಆಗ್ತದೆ, ಕಣ್ಣಿಗೆ ತೊಂದರೆ ಆಗುದು ಕಡಿಮೆ ಅಂತ ಕಂಡಿದೆ. ಆದ್ರೆ ಇದೂ ಹೇಳ್ಬೇಕು: ಗುಳ್ಳೆ ಮಾಗಿದ ಮೇಲೆ ತಿಂಗಳುಗಟ್ಟಲೆ ಉಳಿಯುವ ನರದ ನೋವು ಉಂಟಲ್ಲ, ಅದನ್ನು ಅಸೈಕ್ಲೋವಿರ್ ತಡೀತದೆ ಅಂತ ಗಟ್ಟಿಯಾಗಿ ಹೇಳುವ ಪುರಾವೆ ಇಲ್ಲ, ಪರೀಕ್ಷೆಗಳನ್ನೆಲ್ಲ ಒಟ್ಟು ಮಾಡಿ ನೋಡುವ ಕಾಕ್ರೇನ್ ಅನ್ನುವ ಸಂಸ್ಥೆಯ ಪರಿಶೀಲನೆಯೇ ಹಾಗೆ ಹೇಳಿದೆ. ಮಾತ್ರೆ ಎಂತ ಮಾಡ್ತದೆ, ಎಂತ ಮಾಡುದಿಲ್ಲ ಅಂತ ಎರಡೂ ಗೊತ್ತುಂಟು. ಗರಿಕೆಯ ಬಗ್ಗೆ ಎರಡೂ ಗೊತ್ತಿಲ್ಲ. ನನ್ನ ತಕರಾರು ಅಷ್ಟೇ.

50 ದಾಟಿದವರಿಗೆ ಇದಕ್ಕೆ ಲಸಿಕೆಯೂ 2023ರಿಂದ ನಮ್ಮ ದೇಶದಲ್ಲಿ ಸಿಗ್ತದೆ, ಶಿಂಗ್ರಿಕ್ಸ್ ಅಂತ, ಎರಡು ಡೋಸ್. ರೇಟ್ ಮಾತ್ರ ಜಾಸ್ತಿ.

ಕಾಪು_ಕಡಲು
ಹೊರಡ್ತಾ ಇದ್ದೇವೆ. ಒಂದು ಮಾತ್ರ ಹೇಳಿ, ಪೂಜೆ ಬಿಡ್ಬೇಕಾ? ಅತ್ತೆಗೆ ಅದರಲ್ಲಿ ತುಂಬ ನಂಬಿಕೆ, ಬೇಡ ಅಂದ್ರೆ ಬೇಜಾರು ಮಾಡ್ತಾರೆ.

ಕದ್ರಿ_ಸಿಸ್ಟರ್
ಯಾಕೆ ಬಿಡ್ಬೇಕು, ಅದು ಅವರ ಮನಸ್ಸಿನ ವಿಷಯ. ಬಲಿ ಮುಂದಿನ ವಾರವೂ ಮಾಡಿಸ್ಬಹುದು, ಕಣ್ಣು ಮುಂದಿನ ವಾರದ ತನಕ ಕಾಯುದಿಲ್ಲ. ಗುಳ್ಳೆಗೆ ಮಾತ್ರ ಎಂತದ್ದೂ ಅರೆದು ಹಚ್ಚಬೇಡಿ, ಕಣ್ಣಿನ ಹತ್ತಿರ ಅಂತೂ ಬೇಡವೇ ಬೇಡ. ಬೆರಳು, ಅರೆಯುವ ಕಲ್ಲು, ನೀರು ಯಾವುದರಿಂದ ಬೇಕಾದ್ರೂ ಕೀವು ಆಗ್ತದೆ.

ಬಂಟ್ವಾಳ_ತೋಟ
ಸರ್ಪಸುತ್ತು ಬಿಡಿ, ಕಾಮಾಲೆಗೆ ಎಂತ ಹೇಳ್ತೀರಿ? ಇಲ್ಲಿ ಎಂಬಿಬಿಎಸ್ ಡಾಕ್ಟ್ರುಗಳೇ "ಇದಕ್ಕೆ ನಮ್ಮಲ್ಲಿ ಮದ್ದಿಲ್ಲ, ಹಳ್ಳಿ ಮದ್ದು ಮಾಡಿ" ಅಂತಾರೆ, ಇದು ನಾನೇ ಕೇಳಿದ್ದು. ನಮ್ಮ ಅಣ್ಣನ ಮಗನಿಗೆ ಬಿಲಿರುಬಿನ್ ಎಷ್ಟೋ ಮೇಲೆ ಹೋಗಿತ್ತು, ಕಣ್ಣು ಅರಿಶಿನದ ಹಾಗೆ. ಕಿರುನೆಲ್ಲಿ ಬೇರು ಸಮೇತ ಅರೆದು ದನದ ಹಾಲಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಟ್ರು, ಉಪ್ಪಿಲ್ಲ, ಎಣ್ಣೆ ಇಲ್ಲ, ಮೀನು ಇಲ್ಲ, ಬರೀ ಗಂಜಿ. ಒಂದು ತಿಂಗಳಲ್ಲಿ ಹುಡುಗ ಕ್ರಿಕೆಟ್ ಆಡ್ಲಿಕ್ಕೆ ಹೋಗಿದ್ದಾನೆ. ಇದಕ್ಕೂ ಕೋಳಿ ಕಥೆ ಹೇಳ್ತೀರಾ?

ಮಣ್ಣಗುಡ್ಡ_ಫಾರ್ಮಸಿ
ಇದಕ್ಕೆ ಸ್ವಲ್ಪ ಉದ್ದ ಬರೀಬೇಕು, ಯಾಕಂದ್ರೆ ನಮ್ಮ ಕಡೆ ಹೆಚ್ಚು ಅನಾಹುತ ಆಗುದೇ ಕಾಮಾಲೆಯಲ್ಲಿ.

ಕಾಮಾಲೆ ಅಂದ್ರೆ ರೋಗ ಅಲ್ಲ, ಲಕ್ಷಣ. ರಕ್ತದಲ್ಲಿ ಬಿಲಿರುಬಿನ್ ಅನ್ನುವ ಹಳದಿ ಅಂಶ ಜಾಸ್ತಿ ಆಗಿದೆ ಅಂತ ಮಾತ್ರ ಅದು ಹೇಳ್ತದೆ, ಯಾಕೆ ಆಯ್ತು ಅಂತ ಹೇಳುದಿಲ್ಲ. ಮಕ್ಕಳಿಗೆ, ಪ್ರಾಯದ ಹುಡುಗರಿಗೆ ಬರುದು ಹೆಚ್ಚಾಗಿ ಹೆಪಟೈಟಿಸ್ ಎ, ಕೊಳಕು ನೀರು ಆಹಾರದಿಂದ. ಅದು ಹೆಚ್ಚಿನವರಲ್ಲಿ ಕೆಲವು ವಾರದಿಂದ ಎರಡು ತಿಂಗಳ ಒಳಗೆ ತನ್ನಿಂದ ತಾನೇ ಗುಣ ಆಗ್ತದೆ. ಡಾಕ್ಟ್ರು "ಮದ್ದಿಲ್ಲ" ಅಂದದ್ದು ಅದಕ್ಕೆ, ಆ ವೈರಸ್ಸಿಗೆ ಕೊಡುವ ಮದ್ದು ಇಲ್ಲ, ಬೇಕಾಗುದೂ ಇಲ್ಲ. ಆದ್ರೆ ಅಷ್ಟು ಹೇಳಿ ಕಳಿಸಿದ್ರೆ ಮನೆಯವರಿಗೆ ಕೇಳುದು "ಬೇರೆ ಕಡೆ ಹೋಗಿ" ಅಂತ. ಅದು ಡಾಕ್ಟ್ರುಗಳ ತಪ್ಪೇ, ಕೂತು ಬಿಡಿಸಿ ಹೇಳ್ಬೇಕಿತ್ತು. ನಿಮ್ಮ ಅಣ್ಣನ ಮಗನಿಗೆ ಬಂದದ್ದೂ ಅದೇ ಇರುವ ಸಾಧ್ಯತೆ ಹೆಚ್ಚು.

ಈಗ ಅದೇ ಹಳದಿ ಕಣ್ಣು ಬೇರೆಯವರಿಗೆ ಬಂತು ಅಂತ ಇಟ್ಕೊಳ್ಳಿ. ಏಳು ತಿಂಗಳ ಬಸುರಿಗೆ ಹೆಪಟೈಟಿಸ್ ಇ ಬಂದ್ರೆ? ಕೊನೆಯ ಮೂರು ತಿಂಗಳಲ್ಲಿ ಅದು ಬಂದವರಲ್ಲಿ ಸಾವು ನೂರಕ್ಕೆ 20, 25ರ ತನಕ ಹೋಗ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಬಿದ್ರೆ? ಜ್ವರ, ನಡುಕ ಬಂದು ರಕ್ತಕ್ಕೆ ನಂಜು ಏರ್ತದೆ. ಅರವತ್ತು ದಾಟಿದ ಗಂಡಸಿಗೆ ನೋವೇ ಇಲ್ಲದೆ ಕಣ್ಣು ಹಳದಿ ಆಗಿ, ಮೈಯೆಲ್ಲ ತುರಿಕೆ ಬಂದು, ಮಲ ಸುಣ್ಣದ ಮಣ್ಣಿನ ಹಾಗೆ ಬಿಳಿಚಿಕೊಂಡ್ರೆ? ಮೇದೋಜೀರಕ ಗ್ರಂಥಿಯ ತಲೆಯಲ್ಲಿ ಗಡ್ಡೆ ಉಂಟಾ ಅಂತ ಕೂಡ್ಲೆ ಸ್ಕ್ಯಾನ್ ಮಾಡ್ಬೇಕು. ಇವರೆಲ್ಲರಿಗೂ ನಮ್ಮಲ್ಲಿ ಕೊಡುದು ಅದೇ ಕಿರುನೆಲ್ಲಿ, ಅದೇ ಗಂಜಿ. ಕೌಂಟರಿಗೆ ಬಂದು "ತುರಿಕೆಗೆ ಒಂದು ಮುಲಾಮು ಕೊಡಿ, ಕಾಮಾಲೆಗೆ ಮದ್ದು ನಡೀತಾ ಉಂಟು" ಅಂತ ಕೇಳಿದ ಒಬ್ಬ ಹಿರಿಯರು ನನಗೆ ಈಗಲೂ ನೆನಪುಂಟು, ಅಂಗಿಯ ಕೈ ಮೇಲೆ ಮಾಡಿದ್ರೆ ಕೆರೆದು ಕೆರೆದು ಗೆರೆ ಗೆರೆ ರಕ್ತ, ಉಗುರಿನ ಸಂದಿಯೂ ಹಳದಿ. ಅವತ್ತೇ ಸರ್ಜನ್ ಹತ್ರ ಕಳಿಸಿದೆ, ಅಷ್ಟು ಹೊತ್ತಿಗೆ ಪಥ್ಯ ಮಾಡ್ತಾ ತಿಂಗಳುಗಳೇ ಹೋಗಿದ್ವು.

ಪಥ್ಯದ ಬಗ್ಗೆ ಒಂದು ಮಾತು. ಉಪ್ಪು, ಎಣ್ಣೆ, ಮೀನು ಎಲ್ಲ ಬಿಡಿಸಿ ಹುಡುಗರನ್ನು ಸೊರಗಿಸುದು ಬೇಡ. ಲಿವರ್‌ಗೆ ಪೆಟ್ಟಾದವರಿಗೆ ಊಟ ಬೇಕು. ಹೊಟ್ಟೆಗೆ ಸೇರುವುದನ್ನು ತಿನ್ನಲಿ, ಶರಾಬು ಮಾತ್ರ ಮುಟ್ಟಬಾರ್ದು.

ಕುಂದಾಪ್ರ_ದೋಣಿ
ಹ್ವಾಯ್, ನಮ್ಮ್ ಬದಿಯಂಗೆ ಕೈ ತೊಳ್ಸಿ ಕಾಮಾಲೆ ಇಳ್ಸುರ್ ಇದ್ರ್. ಸುಣ್ಣದ್ ನೀರಂಗೆ ಕೈ ತೊಳ್ದ್ರೆ ನೀರ್ ಹಳ್ದಿ ಆತ್ತ್, ಕಾಮಾಲೆ ಇಳ್ದ್ ಬಂತ್ ಅಂಬ್ರ್. ಕಣ್ಣೆದ್ರಿಗೇ ಹಳ್ದಿ ಆಪುದ್ ಅಲ್ದಾ, ಅದೆಂತ?

ಮಣ್ಣಗುಡ್ಡ_ಫಾರ್ಮಸಿ
ಮಾವಿನ ಮರದ ಕೆತ್ತೆಯ ರಸವನ್ನು ಕೈಗೆ ಹಚ್ಚಿ ಒಣಗಿಸಿ, ಆ ಕೈಯಿಂದ ಸುಣ್ಣದ ನೀರಲ್ಲಿ ತಿಕ್ಕಿದ್ರೆ ಯಾರ ಕೈ ಆದ್ರೂ ನೀರು ಹಳದಿ ಆಗ್ತದೆ. ಕಾಮಾಲೆ ಇಲ್ಲದವರ ಕೈ ತೊಳೆಸಿ ನೋಡಿ, ಆಗಲೂ ಹಳದಿ. ವಿಚಾರವಾದಿಗಳು ಇದನ್ನು ಶಾಲೆ ಕಾಲೇಜುಗಳಲ್ಲಿ ಮಾಡಿ ತೋರಿಸ್ತಾ ಬಂದಿದ್ದಾರೆ. ನಮ್ಮ ಮಂಗಳೂರಿನ ನರೇಂದ್ರ ನಾಯಕ್ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರ ಕಲಿಸಿದವರು, ಇಂಥ ಪವಾಡಗಳ ಗುಟ್ಟು ಬಿಚ್ಚಿ ತೋರಿಸುವುದನ್ನೇ ಊರೂರಿಗೆ ಹೋಗಿ ಮಾಡಿದವರು. ಚರ್ಮದಿಂದ ಬಿಲಿರುಬಿನ್ ತೊಳೆದು ತೆಗೀಲಿಕ್ಕೆ ಬರುದಿಲ್ಲ.

ಕಾರ್ಕಳ_ಬಂಡೆ
ಕೈ ತೊಳೆಸುದು ಮೋಸ, ಒಪ್ಪಿದೆ. ಆದ್ರೆ ಕಿರುನೆಲ್ಲಿಯನ್ನೂ ಅದರ ಜೊತೆ ಸೇರಿಸ್ಬೇಡಿ. ನಮ್ಮ ಗಿಡ ಅಂದ ಕೂಡ್ಲೆ ಇಂಗ್ಲಿಷ್ ಮದ್ದಿನವರಿಗೆ ತಾತ್ಸಾರ. ಪರೀಕ್ಷೆ ಮಾಡಿ ನೋಡದೆಯೇ ಬೇಡ ಅಂತೀರಿ.

ಮಣ್ಣಗುಡ್ಡ_ಫಾರ್ಮಸಿ
ಇಲ್ಲ, ನೋಡಿದ್ದಾರೆ, ಚೆನ್ನಾಗಿಯೇ ನೋಡಿದ್ದಾರೆ. 1988ರಲ್ಲಿ ಮದ್ರಾಸಿನ ವಿಜ್ಞಾನಿಗಳು ಹೆಪಟೈಟಿಸ್ ಬಿ ಇದ್ದವರಿಗೆ ಕಿರುನೆಲ್ಲಿ ಪುಡಿ ಕೊಟ್ಟು ನೋಡಿದ್ರು. ತಗೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣದಾಯ್ತು, ಹಿಟ್ಟಿನ ಮಾತ್ರೆ ತಗೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ. ಅದನ್ನು ಪ್ರಕಟ ಮಾಡಿದ್ದು ಲಂಡನ್ನಿನ ಲ್ಯಾನ್ಸೆಟ್, ಆ ಕೆಲಸದಲ್ಲಿ ಹೆಸರು ಇದ್ದವರಲ್ಲಿ ಒಬ್ಬರು ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ತಗೊಂಡ ಬ್ಲೂಂಬರ್ಗ್. ತಾತ್ಸಾರ ಎಲ್ಲಿಂದ ಬಂತು? ಇಡೀ ಪ್ರಪಂಚ ಆಸೆಯಿಂದ ನೋಡಿತು. ಆಮೇಲೆ ಬೇರೆ ಬೇರೆ ಕಡೆ ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗ್ಲಿಲ್ಲ. 2011ರಲ್ಲಿ ಎಲ್ಲ ಪರೀಕ್ಷೆ ಒಟ್ಟು ಹಾಕಿ ನೋಡಿದ ಕಾಕ್ರೇನ್‌ನವರು ಹಿಟ್ಟಿನ ಮಾತ್ರೆಗಿಂತ ಇದು ಮೇಲು ಅನ್ನುವ ಪುರಾವೆ ಸಾಲುದಿಲ್ಲ ಅಂದ್ರು.

ಗೆದ್ದ ಗಿಡಗಳೂ ಉಂಟು. ಸರ್ಪಗಂಧಿ ಬೇರು ರಕ್ತದೊತ್ತಡ ಇಳಿಸ್ತದೆ ಅಂತ 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಬರೆದ್ರು, 1949ರಲ್ಲಿ ಬೊಂಬಾಯಿಯ ರುಸ್ತುಂ ವಕೀಲ್ ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದ ಮೇಲೆ ಇಡೀ ಪ್ರಪಂಚಕ್ಕೆ ಆ ಮದ್ದು ಹೋಯ್ತು. ಮಲೇರಿಯಾದ ಆರ್ಟಿಮಿಸಿನಿನ್ ಚೀನಾದ ಹಳೇ ಮದ್ದಿನ ಗಿಡದಿಂದಲೇ ಬಂದದ್ದು, ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ಗಿಡ ಅಂತ ಯಾರೂ ತಳ್ಳಿ ಹಾಕುದಿಲ್ಲ. ಪರೀಕ್ಷೆಯಲ್ಲಿ ನಿಂತದ್ದು ಉಳೀತದೆ, ನಿಲ್ಲದ್ದು ಬಿಡ್ತದೆ. ನಾನು ಮಾರುವ ಎಷ್ಟೋ ಲಿವರ್ ಟಾನಿಕ್, ಸುಸ್ತಿಗೆ ಅಂತ ಹಾಕಿಸ್ಕೊಳ್ಳುವ ಗ್ಲೂಕೋಸ್ ಬಾಟ್ಲಿ, ಶೀತಕ್ಕೆ ಕೇಳಿ ತಗೊಳ್ಳುವ ಆಂಟಿಬಯೋಟಿಕ್, ಇವಕ್ಕೂ ಇದೇ ಮಾತು. ವೈರಸ್ ಶೀತಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುದಿಲ್ಲ, ಕೇಳಿದವರಿಗೆ ನಾನು ಕೊಡುದೂ ಇಲ್ಲ.

ಸುರತ್ಕಲ್_ಬೀಚ್
ಡೆಂಗ್ಯೂಗೆ ಪಪ್ಪಾಯಿ ಎಲೆ ರಸ? ಇದು ಈಗ ಮಾತ್ರೆಯಾಗಿ ಮೆಡಿಕಲ್‌ನಲ್ಲೇ ಸಿಗ್ತದೆ, ಡಾಕ್ಟ್ರುಗಳೇ ಬರೀತಾರೆ. ನಮ್ಮ ಫ್ಲಾಟಿನಲ್ಲಿ ಮಳೆಗಾಲ ಬಂದ್ರೆ ಪಪ್ಪಾಯಿ ಗಿಡದಲ್ಲಿ ಎಲೆ ಉಳಿಯುದಿಲ್ಲ, ಪ್ಲೇಟ್ಲೆಟ್ ಡಬಲ್ ಆಯ್ತು ಅಂತ ಎಲ್ರೂ ಹೇಳ್ತಾರೆ.

ಕದ್ರಿ_ಸಿಸ್ಟರ್
ಡೆಂಗ್ಯೂನಲ್ಲಿ ಪ್ಲೇಟ್ಲೆಟ್ ಇಳಿದು ಮತ್ತೆ ತಾನೇ ಏರುದು, ಚೇತರಿಕೆಯ ದಿನ ಬಂದಾಗ ಎಲೆ ಕುಡಿದವರಿಗೂ ಏರ್ತದೆ, ಕುಡಿಯದವರಿಗೂ ಏರ್ತದೆ. ಪಪ್ಪಾಯಿ ಎಲೆಯಿಂದ ಸಂಖ್ಯೆ ಸ್ವಲ್ಪ ಬೇಗ ಏರ್ತದೆ ಅಂತ ಕೆಲವು ಸಣ್ಣ ಪರೀಕ್ಷೆಗಳು ಉಂಟು, ಅದರಿಂದ ಜೀವ ಉಳೀತದೆ ಅಂತ ತೋರಿಸಿದ್ದು ಇಲ್ಲ. ವಾರ್ಡಿನಲ್ಲಿ ಮನೆಯವರು ದಿನವಿಡೀ ಕೇಳುದು ಪ್ಲೇಟ್ಲೆಟ್ ಎಷ್ಟು ಅಂತ ಒಂದೇ. ಡೆಂಗ್ಯೂನಲ್ಲಿ ಜನ ಸಾಯುದು ಹೆಚ್ಚಾಗಿ ರಕ್ತನಾಳದಿಂದ ನೀರಿನ ಅಂಶ ಸೋರಿ ಬಿಪಿ ಬಿದ್ದು. ಅದು ಆಗುದು ಯಾವಾಗ ಗೊತ್ತುಂಟಾ, ಜ್ವರ ಬಿಟ್ಟ ಹೊತ್ತಿಗೆ. ಮನೆಯವರು ಜ್ವರ ಇಳೀತು, ಎಲೆ ರಸ ಕೆಲಸ ಮಾಡಿತು ಅಂತ ಸಮಾಧಾನದಲ್ಲಿ ಇರ್ತಾರೆ, ಹುಡುಗನ ಕೈಕಾಲು ತಣ್ಣಗಾಗ್ತಾ ಇರ್ತದೆ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕಾಗಿ ಮಲಗುದು, ಮೂತ್ರ ಕಡಿಮೆ ಆಗುದು, ಇದರಲ್ಲಿ ಒಂದು ಕಂಡ್ರೂ ಹೊರಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬ್ರೂಫೆನ್, ಆಸ್ಪಿರಿನ್ ಕೊಡ್ಬೇಡಿ, ರಕ್ತ ಸೋರುದು ಹೆಚ್ಚಾಗ್ತದೆ. ಆ ಎಲೆ ರಸದ ಕಹಿಗೆ ಮಕ್ಕಳು ವಾಂತಿ ಮಾಡ್ತಾರೆ, ನೀರು ಬೇಕಾದ ರೋಗದಲ್ಲಿ ಇದ್ದ ನೀರೂ ಹೋಗ್ತದೆ.

ಬಂಟ್ವಾಳ_ತೋಟ
ಹಾಗಾದ್ರೆ ಆಟಿ ಅಮಾವಾಸ್ಯೆಯ ಹಾಲೆ ಕೆತ್ತೆ ಕಷಾಯವೂ ಬೇಡ ಅಂತೀರಾ. ಅದು ನಮ್ಮ ಹಿರಿಯರು ಮಳೆಗಾಲದ ಜ್ವರಕ್ಕೆ, ಮಲೇರಿಯಾಕ್ಕೆ ಅಂತ ಮಾಡಿಟ್ಟದ್ದು.

ಕದ್ರಿ_ಸಿಸ್ಟರ್
ನಾನೂ ಕುಡೀತೇನೆ ಮಾರಾಯ್ರೆ, ಮೇಲೆ ಮೆಂತೆ ಗಂಜಿ ಉಣ್ತೇನೆ. ವರ್ಷಕ್ಕೊಮ್ಮೆ ಮನೆಯವರೆಲ್ಲ ಬೆಳಿಗ್ಗೆ ಒಟ್ಟಿಗೆ ಕೂತು ಕುಡಿಯುದು ನಮ್ಮ ಕ್ರಮ, ಅದನ್ನು ಯಾರು ಬೇಡ ಅಂತಾರೆ. ಆದ್ರೆ ಮಲೇರಿಯಾ ಬಂದ್ರೆ ಅದನ್ನು ನಂಬಿ ಕೂರ್ಬೇಡಿ, ಮಲೇರಿಯಾದ ಮದ್ದು ಕ್ವಿನೈನ್ ಇರುದು ಸಿಂಕೋನಾ ಮರದಲ್ಲಿ, ಹಾಲೆ ಮರದಲ್ಲಿ ಅದು ಇಲ್ಲ. ಮಂಗಳೂರಿನಲ್ಲಿ ಹೆಚ್ಚಾಗಿ ಬರುವ ವೈವಾಕ್ಸ್ ಮಲೇರಿಯಾ ಲಿವರ್‌ನಲ್ಲಿ ಅಡಗಿ ಕೂತು ಮತ್ತೆ ಬರ್ತದೆ, ಅದಕ್ಕೇ 14 ದಿನದ ಪ್ರಿಮಾಕ್ವಿನ್ ಕೊಡುದು. ಮೂರ್ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು ಅಂತ ಮಾತ್ರೆ ನಿಲ್ಲಿಸ್ತಾರೆ, ಮತ್ತೆ ಬಂದಾಗ ಇಂಗ್ಲಿಷ್ ಮದ್ದು ಹಿಡೀಲಿಲ್ಲ ಅಂತಾರೆ.

ಇನ್ನೊಂದು, ಕತ್ತಲಲ್ಲಿ ಕೆತ್ತೆ ತರುವವರು ಹಗಲಲ್ಲೇ ಮರ ಗುರುತು ಮಾಡಿ ಬನ್ನಿ. ಹಾಲೆ ಅಂತ ತಪ್ಪಿ ಕಾಸರಕನ ಮರದ ಕೆತ್ತೆ ತಂದ್ರೆ ಅದರಲ್ಲಿ ಇರುದು ಸ್ಟ್ರಿಕ್ನಿನ್ ಅನ್ನುವ ವಿಷ, ಮೈ ಸೆಟೆದು ಉಸಿರು ನಿಲ್ತದೆ.

ಕುಂದಾಪ್ರ_ದೋಣಿ
ಬಿಂಬುಳಿ ಜ್ಯೂಸ್ ಕುಡುದ್ರೆ ಕೊಲೆಸ್ಟ್ರಾಲ್ ಇಳಿತ್ತ್ ಅಂದೇಳಿ ವಾಟ್ಸಾಪಂಗೆ ಬಂದಿತ್. ನಮ್ಮ್ ಮನೆ ಹಿತ್ಲಂಗೆ ಮರದ್ ತುಂಬ ಇತ್ತ್. ಅದ್ ಹಣ್ಣಲ್ದಾ, ಎಂತ ಆತ್ತ್?

ಮಣ್ಣಗುಡ್ಡ_ಫಾರ್ಮಸಿ
ಕುಡೀಬೇಡಿ. ಮೀನು ಸಾರಿಗೆ ನಾಲ್ಕು ಹಾಕಿದ್ರೆ, ಉಪ್ಪಿನಕಾಯಿ ಹಾಕಿದ್ರೆ ತೊಂದರೆ ಇಲ್ಲ. ಹಿಂಡಿ ಲೋಟಗಟ್ಟಲೆ ಕುಡೀಬೇಡಿ. ಬಿಂಬುಳಿಯಲ್ಲಿ ಆಕ್ಸಲೇಟ್ ತುಂಬ ಜಾಸ್ತಿ, ಅದು ಕಿಡ್ನಿಯ ಕೊಳವೆಯಲ್ಲಿ ಹರಳು ಕಟ್ಟಿ ಕಿಡ್ನಿಯನ್ನು ನಿಲ್ಲಿಸಿ ಬಿಡ್ತದೆ. ಕೇರಳದಲ್ಲಿ ಕೊಲೆಸ್ಟ್ರಾಲ್ ಇಳೀಲಿ ಅಂತ ಇದರ ರಸ ಕುಡಿದು ಕಿಡ್ನಿ ಕೆಟ್ಟು ಬಂದ 10 ಜನರ ವರದಿ 2013ರಲ್ಲಿ ಪ್ರಕಟ ಆಗಿದೆ, ಅವರಲ್ಲಿ 7 ಜನಕ್ಕೆ ಡಯಾಲಿಸಿಸ್ ಮಾಡ್ಬೇಕಾಯ್ತು. ಅದರ ಜಾತಿಯದ್ದೇ ದಾರೆಹುಳಿ, ಅದು ಕಿಡ್ನಿ ತೊಂದರೆ ಇದ್ದವರಿಗೆ ಒಂದು ಹಣ್ಣೂ ಬೇಡ, ಮೆದುಳಿಗೆ ಏರಿ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರ್ತದೆ. ಅಮೃತಬಳ್ಳಿಯದ್ದೂ ಹೀಗೆ, ಕೊರೊನಾ ಸಮಯದಲ್ಲಿ ದಿನಾ ಕಷಾಯ ಕುಡಿದು ಲಿವರ್ ಕೆಟ್ಟು ಬಂದ 6 ಜನರ ವಿಷಯ ಮುಂಬಯಿಯ ಡಾಕ್ಟ್ರುಗಳು 2021ರಲ್ಲಿ ಬರೆದ್ರು, ಮರುವರ್ಷ ಬೇರೆ ಬೇರೆ ಊರಿನ ಆಸ್ಪತ್ರೆಗಳಿಂದ 43 ಜನರದ್ದು ಬಂತು. ಕೇಂದ್ರದ ಆಯುಷ್ ಸಚಿವಾಲಯದವರು ಅದು ಅಮೃತಬಳ್ಳಿ ಅಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಅಂದ್ರು. ಹಾಗೇ ಇರಲಿ, ನಮ್ಮ ಬೇಲಿಯಲ್ಲಿ ಹಬ್ಬಿದ್ದು ಯಾವುದು ಅಂತ ನಮಗೆ ಹೇಳಿ ಕೊಡುವವರು ಯಾರು?

ಕದ್ರಿ_ಸಿಸ್ಟರ್
ಗಂಟುನೋವಿನ ಪುಡಿ ಪ್ಯಾಕೆಟ್ ಬಗ್ಗೆಯೂ ಹೇಳ್ಲೇಬೇಕು. ಹೆಸರಿಲ್ಲ, ಚೀಟಿ ಇಲ್ಲ, ಎರಡೇ ದಿನಕ್ಕೆ ನೋವು ಮಾಯ. ಅಷ್ಟು ಬೇಗ ನೋವು ಹೋದ್ರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರಾ ಅಂತ ಮೊದಲು ಸಂಶಯ ಪಡ್ಬೇಕು. ನಮ್ಮಲ್ಲಿಗೆ ಬರುವ ಅಮ್ಮಂದಿರ ಮುಖ ಹುಣ್ಣಿಮೆ ಚಂದ್ರನ ಹಾಗೆ ಉಬ್ಬಿರ್ತದೆ, ಕೈಕಾಲು ಕಡ್ಡಿ, ಮುಟ್ಟಿದಲ್ಲೆಲ್ಲ ಚರ್ಮ ನೀಲಿ, ಶುಗರ್ ಆಕಾಶದಲ್ಲಿ. ಪುಡಿ ಮುಗಿದು ಒಂದು ವಾರ ಸಿಗದಿದ್ರೆ ಬಿಪಿ ಬಿದ್ದು ಎಚ್ಚರ ತಪ್ಪಿ ಬರ್ತಾರೆ, ಯಾಕಂದ್ರೆ ದೇಹ ತನ್ನದೇ ಸ್ಟೀರಾಯ್ಡ್ ಮಾಡುದನ್ನು ಅಷ್ಟು ಹೊತ್ತಿಗೆ ನಿಲ್ಲಿಸಿರ್ತದೆ. ಆ ಪ್ಯಾಕೆಟ್ ತಿನ್ನುವವರು ಮನೆಯಲ್ಲಿದ್ರೆ ಒಮ್ಮೆಲೇ ಬಿಡಿಸ್ಬೇಡಿ, ಪ್ಯಾಕೆಟ್ ಸಮೇತ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ.

ಸುರತ್ಕಲ್_ಬೀಚ್
ಶುಗರ್ ಬುಡಸಮೇತ ಗುಣ ಮಾಡ್ತೇವೆ ಅಂತ ಗೋಡೆಗೋಡೆಯಲ್ಲಿ ಬರೆದಿರ್ತಾರಲ್ಲ, ಅದಕ್ಕೆ ಕಾನೂನು ಇಲ್ವಾ?

ಮಣ್ಣಗುಡ್ಡ_ಫಾರ್ಮಸಿ
1954ರಿಂದಲೇ ಉಂಟು. ಡ್ರಗ್ಸ್ ಆಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ. ಶುಗರ್, ಕ್ಯಾನ್ಸರ್ ಸೇರಿ ಅದರ ಪಟ್ಟಿಯಲ್ಲಿ ಇರುವ ಕಾಯಿಲೆಗಳನ್ನು ಗುಣ ಮಾಡ್ತೇವೆ ಅಂತ ಜಾಹೀರಾತು ಕೊಡುದೇ ಅಪರಾಧ. ದೊಡ್ಡ ಕಂಪೆನಿಗಳೂ ಮಾಡಿವೆ, 2024ರಲ್ಲಿ ಪತಂಜಲಿಯವರು ಸುಪ್ರೀಂ ಕೋರ್ಟಿನಲ್ಲಿ ಕ್ಷಮೆ ಕೇಳ್ಬೇಕಾಯ್ತು. ಟೈಪ್ 1 ಶುಗರ್ ಇರುವ ಮಗುವಿಗೆ ಅದನ್ನೆಲ್ಲ ನಂಬಿ ಇನ್ಸುಲಿನ್ ನಿಲ್ಲಿಸಿದ್ರೆ ಕೆಲವೇ ದಿನದಲ್ಲಿ ಜೀವ ಹೋಗ್ತದೆ.

ಕಾರ್ಕಳ_ಬಂಡೆ
ನೀವು ಹೇಳುದರಲ್ಲಿ ಸುಮಾರು ವಿಷಯ ನನಗೆ ಗೊತ್ತಿರಲಿಲ್ಲ, ಅದು ಸರಿ. ಆದ್ರೆ ಒಂದು ಮಾತು ನೀವು ಯಾರೂ ಹೇಳುದಿಲ್ಲ. ಆಸ್ಪತ್ರೆಗೆ ಹೋದ್ರೆ ಎರಡು ಗಂಟೆ ಕಾಯ್ಬೇಕು, ಒಳಗೆ ಹೋದ್ರೆ ಎರಡು ನಿಮಿಷ, ಡಾಕ್ಟ್ರು ಮುಖ ನೋಡುದಿಲ್ಲ, ಚೀಟಿ ತುಂಬ ಟೆಸ್ಟ್. ಚಿಕ್ಕಪ್ಪನ ಹತ್ರ ಬಂದವರನ್ನು ಚಾವಡಿಯಲ್ಲಿ ಕೂರಿಸಿ, ನೀರು ಬೆಲ್ಲ ಕೊಟ್ಟು, ಮನೆ ವಿಷಯ ಎಲ್ಲ ಕೇಳಿ ಆಮೇಲೆ ಮದ್ದು. ಆ ಹೆಂಗಸರು ಅರ್ಧ ಗುಣ ಆಗುದೇ ಅಲ್ಲಿ. ಅದಕ್ಕೆ ಯಾವ ಪರೀಕ್ಷೆ ಮಾಡ್ತೀರಿ?

ಮಣ್ಣಗುಡ್ಡ_ಫಾರ್ಮಸಿ
ಈ ಮಾತಿಗೆ ನನ್ನದು ವಿರೋಧ ಇಲ್ಲ. ಕೇಳಿಸಿಕೊಳ್ಳುವವರು ಇದ್ರೆ ನೋವು ಕಡಿಮೆ ಅನ್ನಿಸುದು ನಿಜ, ಆ ಒಂದು ಗುಣ ನಮ್ಮ ಆಸ್ಪತ್ರೆಗಳಲ್ಲಿ ಇಲ್ಲದ್ದು ದೊಡ್ಡ ಕೊರತೆ, ಜನ ಹಳ್ಳಿ ಮದ್ದಿಗೆ ಹೋಗುದಕ್ಕೆ ಅರ್ಧ ಕಾರಣವೂ ಅದೇ. ಆದ್ರೆ ಕೇಳಿಸಿಕೊಂಡದ್ದರಿಂದ ವೈರಸ್ ಸಾಯುದಿಲ್ಲ, ಪಿತ್ತನಾಳದ ಕಲ್ಲು ಸರಿಯುದಿಲ್ಲ. ಒಂದು ನೇರ ಪ್ರಶ್ನೆ ಕೇಳ್ತೇನೆ, ಬೇಜಾರು ಮಾಡ್ಬೇಡಿ. ಚಿಕ್ಕಪ್ಪ ನಾಯಿ ಕಚ್ಚಿದ್ದಕ್ಕೂ ಮದ್ದು ಕೊಡ್ತಾರಾ?

ಕಾರ್ಕಳ_ಬಂಡೆ
ಕೊಡ್ತಾರೆ. ಬೇರೊಂದು ಬೇರು, ಬೆಲ್ಲದಲ್ಲಿ. ಯಾರೂ ಸತ್ತದ್ದು ಇಲ್ಲ ಅಂತ ಹೇಳ್ತಾರೆ.

ಮಣ್ಣಗುಡ್ಡ_ಫಾರ್ಮಸಿ
ಸತ್ತವರು ತಿರುಗಿ ಬಂದು ಹೇಳುದಿಲ್ಲ, ಅವರ ಮನೆಯವರು ತೆಂಗಿನಕಾಯಿ ತರುದೂ ಇಲ್ಲ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಹುಚ್ಚು ಇರುದಿಲ್ಲ, ಅವು ಕಚ್ಚಿದವರು ಎಂತ ತಿಂದ್ರೂ ಬದುಕ್ತಾರೆ, ಆ ಬೇರಿಗೆ ಹೆಸರು ಬರ್ತದೆ. ಹುಚ್ಚು ನಾಯಿಯೇ ಕಚ್ಚಿದ್ರೆ ರೋಗ ಕಾಣಿಸ್ಲಿಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು. ಆ ಹೊತ್ತಿಗೆ ಬೇರು ತಿಂದದ್ದು ಮರೆತೇ ಹೋಗಿರ್ತದೆ. ಲಕ್ಷಣ ಶುರು ಆದ ಮೇಲೆ ರೇಬಿಸ್‌ನಿಂದ ಬದುಕುವವರು ಇಲ್ಲ ಅಂತಲೇ ಹೇಳ್ಬೇಕು. ಕಣ್ಣಿನ ಹತ್ತಿರ ಅಲ್ಲದ ಸರ್ಪಸುತ್ತಿನಲ್ಲಿ ಗರಿಕೆ ಹಚ್ಚಿದವರಿಗೆ ನೋವು ಸ್ವಲ್ಪ ಹೆಚ್ಚು ದಿನ ಇದ್ದೀತು. ಇಲ್ಲಿ ಹಾಗಲ್ಲ.

ಬಂಟ್ವಾಳ_ತೋಟ
ನಾಯಿಗೆ ಇಂಜೆಕ್ಷನ್ ಆಗಿದ್ರೆ? ನಮ್ಮ ಮನೆ ನಾಯಿಯೇ ಮೊನ್ನೆ ಮಗಳ ಕೈಗೆ ಹಲ್ಲು ತಾಗಿಸಿದೆ, ಸ್ವಲ್ಪ ರಕ್ತ ಬಂದಿತ್ತು. ಅರಿಶಿನ ಹಚ್ಚಿ ಬಿಟ್ಟಿದ್ದೇವೆ.

ಕದ್ರಿ_ಸಿಸ್ಟರ್
ಇವತ್ತೇ ಹೋಗಿ. ಸಾಬೂನು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯುದು ಕಚ್ಚಿದ ಕೂಡ್ಲೆ ಮಾಡ್ಬೇಕಾದ ಕೆಲಸ, ಆಗ ಮಾಡದಿದ್ರೆ ಈಗಲಾದ್ರೂ ತೊಳೀರಿ, ಅರಿಶಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಹಚ್ಚಬೇಡಿ. ರಕ್ತ ಬಂದಿದ್ರೆ ಗಾಯದ ಸುತ್ತ ಹಾಕುವ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಕೂಡ ಬೇಕು, ಲಸಿಕೆ ಒಂದೇ ಸಾಲುದಿಲ್ಲ. ನಾಯಿಗೆ ಇಂಜೆಕ್ಷನ್ ಆದ ಕಾರ್ಡ್ ತಗೊಂಡು ಹೋಗಿ ತೋರಿಸಿ, ಆದ್ರೆ ಅದನ್ನು ನಂಬಿ ಮಗಳ ಇಂಜೆಕ್ಷನ್ ಬಿಡ್ಬೇಡಿ. ಮೊದಲ ದಿನ, 3, 7, 28 ಅಂತ ಚರ್ಮಕ್ಕೆ ಕೊಡುವ ಕ್ರಮ ಉಂಟು, ತೋಳಿಗೆ ಕೊಡುದಾದ್ರೆ 14ನೇ ದಿನವೂ ಸೇರ್ತದೆ. ನಾಯಿಯನ್ನು 10 ದಿನ ಕಟ್ಟಿ ನೋಡಿ, ಆದ್ರೆ ಇಂಜೆಕ್ಷನ್ ಶುರು ಮಾಡಿ ನೋಡುದು, ನೋಡಿ ಆಮೇಲೆ ಶುರು ಮಾಡುದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹಣ ಕೊಡ್ಲಿಕ್ಕಿಲ್ಲ, ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ ಬಂದ್ರೂ ಆಗ್ತದೆ.

ಬಂಟ್ವಾಳ_ತೋಟ
ಸರಿ ಅಕ್ಕ, ಈಗಲೇ ಹೊರಡ್ತೇವೆ.

ಮಣ್ಣಗುಡ್ಡ_ಫಾರ್ಮಸಿ
ಬಂಡೆಯವರೇ, ಚಿಕ್ಕಪ್ಪನ ಹತ್ರ ಮದ್ದು ಕೊಡುದು ನಿಲ್ಲಿಸಿ ಅಂತ ಹೇಳ್ಲಿಕ್ಕೆ ನನಗೆ ಅಧಿಕಾರ ಇಲ್ಲ. ಅವರ ಮಾತನ್ನು ಜನ ಕೇಳ್ತಾರೆ, ನನ್ನ ಮಾತಿಗಿಂತ ಹೆಚ್ಚು ಕೇಳ್ತಾರೆ. ನಾಯಿ ಕಚ್ಚಿ ಬಂದವರಿಗೆ "ಮೊದಲು ಪಿಎಚ್‌ಸಿಗೆ ಹೋಗಿ ಇಂಜೆಕ್ಷನ್ ಚೀಟಿ ತೋರಿಸಿ, ಆಮೇಲೆ ನನ್ನ ಬೇರು" ಅಂತ ಅವರು ಹೇಳುದಾದ್ರೆ ಎಷ್ಟು ಜನರ ಜೀವ ಉಳೀಬಹುದು. ಬಸುರಿಗೆ ಕಾಮಾಲೆ ಬಂದ್ರೂ ಹಾಗೆಯೇ. ನೀವು ಒಮ್ಮೆ ಮಾತಾಡ್ತೀರಾ?

ಕಾರ್ಕಳ_ಬಂಡೆ
ಆದಿತ್ಯವಾರ ಊರಿಗೆ ಹೋಗ್ಲಿಕ್ಕೆ ಉಂಟು, ಮಾತಾಡ್ತೇನೆ. ಸರ್ಪಸುತ್ತಿನ ವಿಷಯದಲ್ಲಿ ಅವರು ಒಪ್ಪುದಿಲ್ಲ, ನಾನೂ ಪೂರ್ತಿ ಒಪ್ಪಿಲ್ಲ ಅಂತ ಹೇಳಿಬಿಡ್ತೇನೆ. ನಾಯಿ ವಿಷಯದಲ್ಲಿ ಮಾತ್ರ ಅವರಿಗೂ ಒಳಗೊಳಗೆ ಹೆದರಿಕೆ ಉಂಟು, ಸಣ್ಣ ಮಕ್ಕಳನ್ನು ಕರ್ಕೊಂಡು ಬಂದ್ರೆ ಅವರು ಮುಖ ನೋಡುದೇ ಬೇರೆ ಥರ. ಸಿಸ್ಟರ್, ಆ ದಿನದ ಲೆಕ್ಕ ಒಂದು ಕಾಗದದಲ್ಲಿ ಬರೆದ ಹಾಗೆ ಇಲ್ಲಿ ಹಾಕಿ, ಪ್ರಿಂಟ್ ತೆಗೆದು ಚಾವಡಿಯ ಗೋಡೆಗೆ ಅಂಟಿಸ್ತೇನೆ.